ಎಪ್ಪತ್ತು ಕಿಲೋ ತೂಕದ ಇಲಿ

ನನ್ನ ಹೊಸ ಅಂಗಿಗೆ ಎರಡೂ ಎಡಗೈ ತೋಳುಗಳೇ ಇದ್ದವು. ಹೊಲಿದವನು ನಮ್ಮ ಬೀದಿಯ ದರ್ಜಿ, ಮೂವತ್ತು ವರ್ಷ ಪಳಗಿದ ಕೈ. ನಾನು ಪಕ್ಕದ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವವನು. ಜಗಳ ಆಡಬೇಕೆಂದೇ ಅಂಗಿ ಹಿಡಿದುಕೊಂಡು ಹೋದೆ. ನೋಡಿದರೆ ಅವನು ಸೂಜಿಗೆ ದಾರ ಪೋಣಿಸಲು ಹೆಣಗಾಡುತ್ತಿದ್ದ. ನನ್ನ ಸಿಟ್ಟು ಅಲ್ಲೇ ಇಳಿಯಿತು.

“ಕಣ್ಣು ಮಂಜಾಗಿದೆ ಕಣಯ್ಯಾ. ಕನ್ನಡಕ ಬದಲಾಯಿಸ್ಬೇಕು,” ಎಂದ.

“ನಿನಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಮಾತ್ರೆ ತಗೋತಿದ್ದೀಯ ತಾನೇ?”

ಅವನು ಗುಟ್ಟು ಹೇಳುವವನಂತೆ ಹತ್ತಿರ ಸರಿದ. “ಮಾತ್ರೆ ಬಿಟ್ಟು ಮೂರು ವಾರ ಆಯ್ತು. ಈಗ ಬರೀ ಎಲೆ ರಸ. ನಮ್ಮ ಸೊಸೆ ಕೆಲಸ ಮಾಡೋ ಪ್ರಯೋಗಾಲಯದಲ್ಲಿ ಇದೇ ಎಲೆ ಕೊಟ್ರೆ ಇಲಿಗಳ ಸಕ್ಕರೆ ಇಳೀತಂತೆ. ಊಟಕ್ಕೆ ಕೂತಾಗ ಅವಳೇ ಹೇಳಿದ್ಲು. ಆ ಬಳ್ಳಿ ನಮ್ಮ ಹಿತ್ತಲಲ್ಲಿ ಕೇಳೋರಿಲ್ದೆ ಹಬ್ಬಿಕೊಂಡಿದೆ.”

“ಎಷ್ಟು ಕುಡೀತೀಯ?”

“ಲೆಕ್ಕ ಹಾಕಿದೀನಿ. ಇಲಿ ಕಾಲು ಕಿಲೋ, ನಾನು ಎಪ್ಪತ್ತು ಕಿಲೋ. ಅಂದ್ರೆ ಇನ್ನೂರ ಎಂಬತ್ತು ಇಲಿ. ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆದರಿಕೆಯಾದದ್ದಂತೂ ನಿಜ. ಕಣ್ಣು ಹೋದರೆ ದರ್ಜಿಯ ಕಸುಬೇ ಹೋಯಿತು, ಅವನಿಗೆ ಬೇರೆ ಕೆಲಸ ಬಾರದು. ಅಂಗಡಿಯ ಹಿಂದೆಯೇ ಅವನ ಮನೆ, ಸೊಸೆ ಕೆಲಸ ಮುಗಿಸಿ ಬರುವವರೆಗೂ ಅಲ್ಲೇ ಕುಳಿತೆ. ಬಂದವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಚಾಡಿ ಎಂದರೆ ಚಾಡಿಯೇ, ನನಗೇನೂ ನಾಚಿಕೆ ಇಲ್ಲ.

ಅವಳು ಕೈಚೀಲ ಕೆಳಗಿಟ್ಟು ಮಾವನ ಎದುರಿನ ಸ್ಟೂಲಿನ ಮೇಲೆ ಕುಳಿತಳು.

“ಮಾವ, ನಾನು ಪೂರ್ತಿ ಹೇಳೋದ್ರೊಳಗೆ ನೀವು ಕೈ ತೊಳೆಯೋಕೆ ಎದ್ದುಬಿಟ್ರಿ. ನಾವು ಕೊಡೋದು ಚೊಂಬಿನ ರಸ ಅಲ್ಲ. ಎಲೆ ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು, ತೂಗಿ ಕೊಡ್ತೀವಿ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳನ್ನ ಗುಂಪು ಮಾಡ್ತೀವಿ. ಒಂದು ಗುಂಪಿಗೆ ಔಷಧಿನೇ ಇಲ್ಲ. ಒಂದಕ್ಕೆ ಎಲೆ ಸಾರ. ಇನ್ನೊಂದಕ್ಕೆ ಏನು ಕೊಡ್ತೀವಿ ಗೊತ್ತಾ?”

“ಏನು?”

“ನೀವು ಬಿಟ್ಟಿರೋ ಮಾತ್ರೆನೇ. ಅದು ಕೆಲಸ ಮಾಡುತ್ತೆ ಅಂತ ಮೊದಲೇ ಗೊತ್ತಲ್ಲ. ಎಲೆ ಅದರ ಹತ್ತಿರಕ್ಕಾದ್ರೂ ಬರುತ್ತಾ ಅಂತ ಅಳೆಯೋಕೆ ಅದೇ ನಮ್ಮ ಟೇಪು.”

ದರ್ಜಿ ಕೊರಳಲ್ಲಿದ್ದ ಟೇಪನ್ನು ಮುಟ್ಟಿಕೊಂಡ. ಆದರೂ ಅಷ್ಟು ಸುಲಭಕ್ಕೆ ಸೋಲುವ ಆಸಾಮಿಯೇ ಅವನು? “ಅದಿರ್ಲಿ ತಾಯಿ, ಇಲಿಗಳಿಗೆ ಇಳೀತೋ ಇಲ್ವೋ?”

“ಇಳೀತು. ಜೀವಕೋಶಗಳು ತುಕ್ಕು ಹಿಡಿದ ಹಾಗೆ ಹಾಳಾಗೋದನ್ನೂ ಸ್ವಲ್ಪ ತಡೀತು. ನಮಗೆಲ್ಲ ಎಷ್ಟು ಖುಷಿಯಾಯ್ತು ಅಂತೀರಿ. ಆದ್ರೆ ಒಂದು ಹೇಳಿ ಮಾವ. ಒಂದು ವರ್ಷದ ಮಗುವಿನ ಅಂಗಿ ಅಳತೆನ ಎಲ್ಲಾ ಕಡೆ ನಾಲ್ಕು ಪಟ್ಟು ಹಿಗ್ಗಿಸಿದ್ರೆ ದೊಡ್ಡವರ ಅಂಗಿ ಆಗುತ್ತಾ?”

ಕಸುಬಿನ ಮಾತು ಬಂದದ್ದೇ ದರ್ಜಿ ನೆಟ್ಟಗೆ ಕುಳಿತ. “ಹಾಗೆ ಯಾರಾದ್ರೂ ಮಾಡ್ತಾರಾ? ಕೊರಳಪಟ್ಟಿಯೊಳಗೆ ಎಮ್ಮೆ ತಲೆ ತೂರಿಸಬಹುದು. ಉದ್ದ ಬೆಳೆದಷ್ಟು ಕುತ್ತಿಗೆ ಬೆಳೆಯಲ್ಲ, ಭುಜದ ಲೆಕ್ಕನೇ ಬೇರೆ. ದೊಡ್ಡವರಿಗೆ ದೊಡ್ಡವರದೇ ಅಳತೆ ತಗೋಬೇಕು…”

ಅಷ್ಟು ಹೇಳಿ ಹಣೆ ಚಚ್ಚಿಕೊಂಡ. ಇನ್ನೂರ ಎಂಬತ್ತು ಇಲಿಗಳೂ ಒಟ್ಟಿಗೆ ಅವನ ತಲೆಯೊಳಗೆ ಓಡಿರಬೇಕು. ನಾನು ನಕ್ಕೆ, ಅವನ ಹೆಂಡತಿ ಒಳಗಿನಿಂದಲೇ ನಕ್ಕಳು, ಕೊನೆಗೆ ಅವನೂ ನಕ್ಕ.

“ಅಷ್ಟೇ ಮಾವ,” ಎಂದಳು ಸೊಸೆ. “ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಒಗ್ಗುತ್ತಾ, ಎಷ್ಟು ಕೊಡಬೇಕು, ಕಿಡ್ನಿ ಲಿವರ್ ತಡಕೊಳ್ಳುತ್ತಾ, ಅದು ನಮಗೇ ಇನ್ನೂ ಗೊತ್ತಿಲ್ಲ. ವರ್ಷಗಟ್ಟಲೆ ಪರೀಕ್ಷೆ ಬಾಕಿ ಇದೆ. ಈಗ ಆಗಿರೋದು ಬರೀ ಕಚ್ಚಾ ಹೊಲಿಗೆ.”

“ಕಚ್ಚಾ ಹೊಲಿಗೆ ಬಟ್ಟೆನ ನಾನು ಯಾವ ಗಿರಾಕಿಗೂ ಕೊಟ್ಟಿಲ್ಲ,” ಎಂದ ದರ್ಜಿ ಮೆಲ್ಲಗೆ.

ಮರುದಿನ ಬೆಳಗ್ಗೆಯೇ ಮನೆಮಂದಿಯೆಲ್ಲ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಕ್ಕರೆ ಇರಬೇಕಾದ್ದಕ್ಕಿಂತ ಮೂರು ಪಟ್ಟು ಏರಿತ್ತು. ಅದಕ್ಕೇ ಕಣ್ಣು ಮಂಜಾಗಿತ್ತು. ಡಾಕ್ಟರಮ್ಮ ಎಲೆ ರಸದ ಕಥೆ ಕೇಳಿ ಕಿಡ್ನಿ, ಲಿವರ್ ಪರೀಕ್ಷೆಯನ್ನೂ ಮಾಡಿಸಿದರು, ಪುಣ್ಯಕ್ಕೆ ಅವೆರಡೂ ಕೆಟ್ಟಿರಲಿಲ್ಲ. ಮಾತ್ರೆ ಮತ್ತೆ ಶುರು ಮಾಡಿದರು. “ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು,” ಎಂದರಂತೆ.

ಆರು ವಾರ ಕಳೆಯಿತು. ಒಂದು ಮಧ್ಯಾಹ್ನ ದರ್ಜಿ ನನ್ನನ್ನು ಕೂಗಿ ಕರೆದ. ಕಪ್ಪು ಕೋಟಿಗೆ ಕಪ್ಪು ದಾರದಲ್ಲಿ ಗುಂಡಿ ತೂರುವ ಕಾಜಾ ಹೊಲಿದಿದ್ದ. ದರ್ಜಿಗಳ ಕಣ್ಣಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾನು ಗಿಡಮೂಲಿಕೆಯನ್ನು ಹಳಿಯುತ್ತಿಲ್ಲ. ಆ ಬಳ್ಳಿಯಿಂದಲೇ ನಾಳೆ ಒಳ್ಳೆಯ ಔಷಧಿ ಬರಬಹುದು, ಬರಲಿ. ಆದರೆ ಇಲಿಗಳಿಗೆ ಗುಣವಾಯಿತು ಎಂಬ ಸುದ್ದಿ ಕಿವಿಗೆ ಬಿದ್ದರೆ, ಮನುಷ್ಯರಲ್ಲಿ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ರಸವೋ ಕಷಾಯವೋ ಕುಡಿಯುತ್ತಿದ್ದರೆ ಅವರಿಂದ ಮುಚ್ಚಿಡಬೇಡಿ, ಬೈದರೆ ಬೈಯಲಿ. ಎಲೆಯ ಪರೀಕ್ಷೆಯನ್ನು ಪ್ರಯೋಗಾಲಯದವರು ನಿಧಾನವಾಗಿ ಮಾಡಲಿ, ನಿಮ್ಮ ರಕ್ತದ ಪರೀಕ್ಷೆಯನ್ನು ನೀವು ಈ ವಾರವೇ ಮಾಡಿಸಿಕೊಳ್ಳಿ.