ಕನ್ನಡಿಯಲ್ಲಿ ಕಂಡವನು

ಮಗಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿಲ್ಲವೆಂದು ಕ್ಷೌರಿಕ ಅವಳನ್ನು ದಿನಾ ತನ್ನ ಅಂಗಡಿಗೇ ಕರೆತರುತ್ತಿದ್ದ. ಮೂವತ್ತು ದಾಟಿದ ಹೆಂಗಸು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನಿದ್ದೆ ಮಾತ್ರೆಯ ಚಟಕ್ಕೆ ಬಿದ್ದವಳು, ಆ ಕೆಲಸ ಹೋದ ಮೇಲೆ ಸಿಕ್ಕಿದ್ದನ್ನೆಲ್ಲ ನುಂಗತೊಡಗಿದ್ದಳು. ಕೊನೆಗೆ, ಕೆಳಮನೆಯವನು ನೀರಿನ ಪೈಪಿಗೆ ಕಿವಿಯಿಟ್ಟು ತನ್ನ ಮನಸ್ಸಿನ ಮಾತು ಕೇಳಿಸಿಕೊಳ್ಳುತ್ತಾನೆಂದು ಬಾಣಲೆಯಿಂದ ಅವನ ತಲೆ ಒಡೆದಳು. ಮೊಕದ್ದಮೆ ನಡೆಯುತ್ತಿತ್ತು. ಚಿಕಿತ್ಸೆ ತಪ್ಪಿಸಕೂಡದು, ಅಪ್ಪನ ಕಣ್ಣೆದುರೇ ಇರಬೇಕು ಎಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತ್ತು.

ಅಂಗಡಿಯಲ್ಲಿ ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ. ಕತ್ತಿ ಕತ್ತರಿಗಳಿದ್ದ ಡ್ರಾಯರಿಗೆ ಆತ ಬೀಗ ಹಾಕಿ, ಬೇಕಾದದ್ದನ್ನಷ್ಟೇ ತೆಗೆಯುತ್ತಿದ್ದ. ಅವಳು ಟವೆಲು ಮಡಿಸುವಳು, ನೆಲದ ಕೂದಲು ಗುಡಿಸುವಳು. ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. "ಏನಿಲ್ಲಪ್ಪ, ಗಡ್ಡ ಬಿಡೋಣ ಅಂತಿದ್ದೀನಿ" ಎಂದು ಹಲ್ಲು ಕಿರಿದವನೊಬ್ಬ ಮರುದಿನವೇ ಎದುರಿನ ಅಂಗಡಿಯಿಂದ ನುಣ್ಣಗೆ ಶೇವ್ ಮಾಡಿಸಿಕೊಂಡು ಹೊರಬಂದ.

ಆದರೂ ಮಗಳು ಬೆಳಿಗ್ಗೆ ಅಪ್ಪನೆದುರೇ ಆಸ್ಪತ್ರೆಯವರು ಕೊಟ್ಟ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನಾಲಿಗೆ ಎತ್ತಿ ತೋರಿಸುತ್ತಿದ್ದಳು. ಮುಖದಲ್ಲಿ ಒಂದಿಷ್ಟು ಕಳೆ ಬಂದಿತ್ತು. ಅಷ್ಟು ಸಾಕೆಂದುಕೊಂಡಿದ್ದ ಅವನು.

ಒಂದು ಮಧ್ಯಾಹ್ನ ಗುರುತಿಲ್ಲದವನೊಬ್ಬ ಬಂದು ಕೂತ. ದಣಿದಿದ್ದ, ಕೊರಳಿಗೆ ಬಟ್ಟೆ ಸುತ್ತುವಷ್ಟರಲ್ಲಿ ತೂಕಡಿಸತೊಡಗಿದ. ಕ್ಷೌರಿಕ ನೊರೆ ಹಚ್ಚಿ, ಗದ್ದ ಮೇಲೆತ್ತಿ, ಕತ್ತಿಯನ್ನು ಗಂಟಲ ಹತ್ತಿರ ತಂದ. ಹಿಂದೆ ಗುಡಿಸುವ ಸದ್ದು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಮಗಳು ಆ ಮುಖವನ್ನೇ ದಿಟ್ಟಿಸುತ್ತಿದ್ದಳು.

ಟವೆಲು ಕೊಡುವವಳಂತೆ ಹತ್ತಿರ ಬಂದು ಪಿಸುಗುಟ್ಟಿದಳು. "ಅಪ್ಪಾ, ಕೆಳಮನೆಯವನು ಇವನೇ. ಮುಖ ಬದಲಾಯಿಸ್ಕೊಂಡು ಬಂದಿದ್ದಾನೆ."

"ಇವರು ಬೇರೆ ಯಾರೋ, ಪುಟ್ಟಿ. ಹೋಗಿ ಕೂತ್ಕೋ."

"ನಿಮಗೂ ಗೊತ್ತು. ಅದಕ್ಕೇ ಇವನ ಗದ್ದ ಎತ್ತಿ ಹಿಡ್ಕೊಂಡಿದ್ದೀರಿ." ದನಿಯಲ್ಲಿ ಆತುರವೇ ಇರಲಿಲ್ಲ. "ಹೇಗೂ ಕತ್ತಿ ಕೈಯಲ್ಲೇ ಇದೆಯಲ್ಲ. ಮುಗಿಸಿಬಿಡಿ. ನಾನು ಬಾಗಿಲು ಹಾಕ್ತೀನಿ."

ನಿಜಕ್ಕೂ ಹೋಗಿ ಬಾಗಿಲು ಮುಂದೆ ಮಾಡಿದಳು.

ಕತ್ತಿ ಕೆಳಗಿಟ್ಟರೆ ಅವಳು ಎತ್ತಿಕೊಂಡಾಳು. ಗದರಿದರೆ ಗಿರಾಕಿ ಬೆಚ್ಚಿ ಕತ್ತಿ ಜಾರೀತು. ಕ್ಷೌರಿಕ ಗಂಟಲು ಮುಗಿಸಿದ, ಆ ಕೆನ್ನೆ, ಈ ಕೆನ್ನೆ ಮುಗಿಸಿದ, ಕತ್ತಿ ಮಡಚಿ ಜೇಬಿಗಿಳಿಸಿದ. "ನಿಮ್ಮ ಕೈ ತುಂಬಾ ಹಗುರ" ಎಂದು ಗಿರಾಕಿ ಕೆನ್ನೆ ಸವರಿಕೊಂಡ. ಕ್ಷೌರಿಕ ಮಗಳಿಗೂ ಅವನಿಗೂ ನಡುವೆ ಅಡ್ಡ ನಿಂತು ಅವನನ್ನು ಸಾಗಹಾಕಿದ.

"ಬಿಟ್ಟುಬಿಟ್ರಲ್ಲ" ಎಂದಳು ಮಗಳು.

"ಮಾತ್ರೆ ನುಂಗ್ತಿದ್ದೀಯಾ ಇಲ್ವಾ?"

"ನಿಮಗೋಸ್ಕರ ನುಂಗ್ತೀನಿ. ಆಮೇಲೆ ಬಚ್ಚಲಲ್ಲಿ ವಾಂತಿ ಮಾಡ್ತೀನಿ."

ಕ್ಷೌರಿಕ ವಕೀಲರಿಗೆ ಫೋನ್ ಮಾಡಿದ. "ಆಸ್ಪತ್ರೆಗೆ ಹೇಳಿದ್ರೆ ಕೋರ್ಟಿಗೂ ಗೊತ್ತಾಗುತ್ತೆ. ಜಾಮೀನು ಹೋದ್ರೂ ಹೋಯ್ತು. ನೋಡಿ ಯೋಚನೆ ಮಾಡಿ" ಎಂದರು ಅವರು. ಮಗಳು ಗಿರಾಕಿ ಕೂತಿದ್ದ ಕುರ್ಚಿಯನ್ನು ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಕ್ಷೌರಿಕ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲ ಹೇಳಿದ.

ವಾಹನ ಬಂದಾಗ ಅವಳು ರಂಪ ಮಾಡಲಿಲ್ಲ. ಹತ್ತುವ ಮುನ್ನ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅಷ್ಟೇ.

ನ್ಯಾಯಾಲಯ ಜಾಮೀನು ರದ್ದು ಮಾಡಲಿಲ್ಲ. ಆಸ್ಪತ್ರೆಯಲ್ಲೇ ಇರಲಿ ಎಂದಿತು. ಸದ್ಯ ಜೈಲು ತಪ್ಪಿತಲ್ಲ ಎಂದುಕೊಂಡು ಕ್ಷೌರಿಕ ಭಾನುವಾರ ಊಟದ ಡಬ್ಬಿ ಹಿಡಿದು ಅಲ್ಲಿಗೆ ಹೋದ. ಕಿಟಕಿಗೆ ಜಾಲರಿ ಬಡಿದ ಕೋಣೆ, ಬಾಗಿಲಲ್ಲೊಬ್ಬ ನರ್ಸು. ಮಗಳು ಡಬ್ಬಿ ಮುಟ್ಟಲಿಲ್ಲ.

"ನಮ್ಮಪ್ಪ ಎಲ್ಲಿ?"

"ನಾನೇ ಕಣೇ, ಪುಟ್ಟಿ."

"ದನಿ ಚೆನ್ನಾಗಿ ಕಲ್ತಿದ್ದೀಯ. ಅವರನ್ನ ಏನು ಮಾಡ್ದೆ?"

ಮಾತು ಕಲಿತಂದಿನಿಂದ ಅಪ್ಪನಿಗೆ ಏಕವಚನ ಆಡಿದವಳಲ್ಲ. ಅವಳ ಬಾಲ್ಯದ ಸಂಗತಿ ಏನಾದರೂ ಹೇಳೋಣವೆಂದರೆ, ಅದನ್ನೂ ಪೈಪಿನಲ್ಲಿ ಕದ್ದು ಕೇಳಿಸಿಕೊಂಡಿದ್ದೀಯ ಎಂದಾಳು.

"ಹೊರಗೆ ಕೂತಿದ್ದಾರೆ" ಎಂದ. "ನೀನು ಊಟ ಮಾಡೋವರೆಗೂ ಏಳಲ್ವಂತೆ."

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ಡಬ್ಬಿ ಬಿಚ್ಚಿ ಒಂದು ತುತ್ತು ತೆಗೆದು, "ಮೊದಲು ನೀನು ತಿನ್ನು" ಎಂದು ಚಾಚಿದಳು. ಅವನು ತಿಂದ. ಅವನಿಗೇನೂ ಆಗಲಿಲ್ಲವೆಂದು ಖಾತ್ರಿಯಾಗುವವರೆಗೆ ಕಾದು, ಕಣ್ಣು ಅವನ ಮೇಲಿಟ್ಟೇ ತಾನೂ ತಿನ್ನತೊಡಗಿದಳು.