ಗೇಮ್ ಡಬ್ಬಿಯ ಮೇಲಿನ ಬೊಟ್ಟು

ತಮ್ಮ ಸುಂದರ್ ತಿರುಪ್ಪೂರಿನಿಂದ ಕಳಿಸುವ ವಿಡಿಯೋಗಳನ್ನು ಸರಸು ಪೂರ್ತಿ ನೋಡಿದ್ದೇ ಕಡಿಮೆ. ಬನಿಯನ್ ಕಂಪನಿಯಲ್ಲಿ ಊಟದ ಬಿಡುವು ಸಿಕ್ಕರೆ ಸಾಕು, ಅವನ ಕೈ ಸುಮ್ಮನಿರುವುದಿಲ್ಲ. ಇವತ್ತು ಕಂಬಂ ಪೇಟೆಯ ತನ್ನ ಹೊಲಿಗೆ ಅಂಗಡಿಯಲ್ಲಿ ಯಾರದೋ ರವಿಕೆಗೆ ಹುಕ್ಸು ಹಾಕುತ್ತ ಕೂತವಳು, ಬೇಜಾರಿಗೆ ಒಂದನ್ನು ಒತ್ತಿದಳು.

ದಿಂಡಿಗಲ್ಲಿನ ಮೊಬೈಲ್ ರಿಪೇರಿ ಅಂಗಡಿಯವನಂತೆ, ಶಕ್ತಿವೇಲ್ ಎಂದು ಹೆಸರು. ಹಳೆಯ ಟೀವಿ ಗೇಮ್‌ಗಳನ್ನು ಕೂಡಿಹಾಕುವ ಹುಚ್ಚು. ರಟ್ಟಿನ ಡಬ್ಬಿಯೊಂದನ್ನು ಕ್ಯಾಮೆರಾದ ಮುಂದೆ ಹಿಡಿದು, ಇದು ಜಪಾನಿನದು, ಈಗ ಇದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ ಎಂದು ತಮಿಳಿನಲ್ಲಿ ಒಂದೇ ಸಮ ಹೊಗಳುತ್ತಿದ್ದ. ಕಡೆಗೆ ಡಬ್ಬಿಯ ಮೂಲೆ ತೋರಿಸಿ, "ಇಲ್ಲೇನೋ ಕೊಳೆ ಮೆತ್ತಿಕೊಂಡಿದೆ. ಅದನ್ನು ತೆಗೆದು ಹೊಸದರ ಹಾಗೆ ಮಾಡಿ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ" ಎಂದ.

ಕೆಳಗೆ ಸುಂದರ್ ಬರೆದಿದ್ದ: "ಅಕ್ಕೋ, ನಮ್ಮನೇಲಿ ಇತ್ತಲ್ಲ, ಅದೇ ಮಾದಿರಿ ಐತೆ ನೋಡು."

ಅದೇ ಮಾದಿರಿಯಲ್ಲ, ಅದೇ. ಸರಸು ಸೂಜಿ ಕೆಳಗಿಟ್ಟಳು. ಶಕ್ತಿವೇಲ್ ಕೊಳೆ ಎಂದದ್ದು ಗಂಧ, ಅದರ ಮೇಲೆ ಕುಂಕುಮ. ಬೊಟ್ಟು ದುಂಡಗಿರಲಿಲ್ಲ, ಅರ್ಧ ಚಂದ್ರನ ಆಕಾರದಲ್ಲಿತ್ತು. ಭೂಮಿಯ ಮೇಲೆ ಹಾಗೆ ಬೊಟ್ಟಿಡುತ್ತಿದ್ದವಳು ಒಬ್ಬಳೇ, ಅವಳ ಅವ್ವ ಕಾಮಾಕ್ಷಿಯಮ್ಮಾಳ್.

ಅವ್ವ ಮೊದಲು ದ್ರಾಕ್ಷಿ ತೋಟದ ಕೂಲಿಗೆ ಹೋಗುತ್ತಿದ್ದಳು. ಗೊಂಚಲು ಕೊಯ್ಯುವಾಗ ಕತ್ತರಿ ಜಾರಿ ಬಲಗೈಯ ಉಂಗುರದ ಬೆರಳಿನ ತುದಿ ಓರೆಯಾಗಿ ಹಾರಿಹೋಯಿತು. ಆಮೇಲೆ ತೋಟದ ಕಡೆ ತಲೆ ಹಾಕಲಿಲ್ಲ. ಸಿಂಗಪುರದಲ್ಲಿದ್ದ ಸೋದರಮಾವ ಟೀವಿಗೆ ಸಿಕ್ಕಿಸುವ ಗೇಮ್ ಯಂತ್ರವನ್ನೂ ಒಂದಷ್ಟು ಕ್ಯಾಸೆಟ್‌ಗಳನ್ನೂ ತಂದುಕೊಟ್ಟ. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಗಂಟೆಗಿಷ್ಟು ಎಂದು ಕೊಟ್ಟು ಬೀದಿಯ ಹುಡುಗರೆಲ್ಲ ಅಲ್ಲಿ ಬಿದ್ದುಕೊಂಡಿರುತ್ತಿದ್ದರು. ಗುಂಡು ಹಾರಿಸುವ ಆಟ, ಗುದ್ದಾಡುವ ಆಟಗಳ ಕ್ಯಾಸೆಟ್‌ಗಳು ಅವರ ಕೈಯಲ್ಲಿ ಸವೆದು ಹಣ್ಣಾದವು. ಒಂದನ್ನು ಮಾತ್ರ ಯಾರೂ ಕೇಳಲಿಲ್ಲ. ಅದರಲ್ಲಿ ಒಂದು ದೋಣಿ ನದಿಯಲ್ಲಿ ಹೋಗುತ್ತಿತ್ತು, ಅಷ್ಟೇ. ಹೊಡೆದಾಟವಿಲ್ಲ, ಬರುವ ಅಕ್ಷರವೆಲ್ಲ ಜಪಾನಿನದು. ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಅವ್ವನೇ ಅದನ್ನು ಹಾಕಿಕೊಂಡು ಕಾಲು ನೀಡಿ ಕೂರುತ್ತಿದ್ದಳು. ಆಟ ಮುಗಿದ ಮೇಲೆ ಕ್ಯಾಸೆಟ್ಟನ್ನು ಅದರ ಪುಸ್ತಕದ ಜೊತೆ ಡಬ್ಬಿಗೆ ಸೇರಿಸಿ ಬೀರುವಿನ ಮೇಲಿಡುತ್ತಿದ್ದಳು.

ಆಯುಧಪೂಜೆಯ ದಿನ ದುಡಿಯುವ ವಸ್ತುಗಳಿಗೆಲ್ಲ ಬೊಟ್ಟು. ಕತ್ತರಿ, ಹೊಲಿಗೆ ಮಿಷಿನ್, ಟೀವಿ, ಗೇಮ್ ಯಂತ್ರ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ಬೊಟ್ಟು ಹೋದ ಮೇಲೆ ಹೊಸದು ಇಡಬೇಕು. ರಟ್ಟಿನ ಡಬ್ಬಿಯನ್ನು ಒದ್ದೆ ಮಾಡುವಂತಿರಲಿಲ್ಲ. ಹಾಗಾಗಿ ಅವ್ವ ವರ್ಷ ವರ್ಷವೂ ಹಳೆಯ ಬೊಟ್ಟಿನ ಮೇಲೆಯೇ ಹೊಸ ಬೊಟ್ಟು ಒತ್ತಿದಳು. ಅವ್ವ ತೀರಿಕೊಂಡ ಮೇಲೆ ಬಾಗಿಲಿಗೆ ಬಣ್ಣ ಬಳಿದರು, ಗೋಡೆಗೆ ಸುಣ್ಣವಾಯಿತು, ಅವಳಿಟ್ಟ ಬೊಟ್ಟು ಮನೆಯಲ್ಲಿ ಎಲ್ಲೂ ಉಳಿಯಲಿಲ್ಲ. ಫೋಟೋಗಳಿವೆ, ಮುಖದ ಕೊರತೆಯೇನೂ ಇಲ್ಲ. ಆದರೆ ಒಂದರಲ್ಲೂ ಬಲಗೈ ಇಲ್ಲ. ಮೊಂಡು ಬೆರಳಿನ ನಾಚಿಕೆಗೆ, ಫೋಟೋದವನು ಬಂದ ಎಂದರೆ ಅವ್ವ ಕೈಯನ್ನು ಸೆರಗಿನೊಳಗೆ ಸೇರಿಸಿಬಿಡುತ್ತಿದ್ದಳು.

ಸರಸುವಿನ ತಲೆ ಬಾಚಿದ್ದು ಆ ಕೈ. ವಿಡಿಯೋದಲ್ಲಿ ಫೋನ್ ನಂಬರ್ ಇರಲಿಲ್ಲ, ಅಂಗಡಿಯ ಬೋರ್ಡ್ ಮಾತ್ರ ಕಂಡಿತ್ತು. ಅವಳು ಅಂಗಡಿಯ ಶಟರ್ ಎಳೆದು, ರವಿಕೆಯನ್ನು ಅರ್ಧಕ್ಕೇ ಬಿಟ್ಟು ಬಸ್ ಹತ್ತಿದಳು.

ಬಸ್ ಚಿನ್ನಮನೂರು ದಾಟುವಾಗ ತಮ್ಮನಿಗೆ ಫೋನ್ ಮಾಡಿ ದಬಾಯಿಸಿದಳು.

"ಅದ ಗುಜರಿಗ್ ಆಕ್ದೋನು ನೀನೇ ಅಲ್ಲೇನೋ?"

"ಸುಣ್ಣ ಹೊಡಿಯಾಗ ಎಲ್ಲಾ ಪಳೇ ಸಾಮಾನೂ ಒಟ್ಟಿಗೆ ಓಯ್ತಕ್ಕಾ. ಅದ್ರಾಗ ಏನೈತೆ ಅಂತ ನಂಗೇನ್ ಗೊತ್ತು? ಈಗ ಅದುಕ್ ಚಿನ್ನದ್ ಬೆಲೆಯಂತೆ, ಒಟ್ಟೆ ಉರೀತೈತೆ."

"ನಿನ್ ಚಿನ್ನ ಬೆಂಕಿಗಾಕ. ಅದ್ರ ಮ್ಯಾಲ ಅವ್ವನ್ ಬೆರಳೈತೆ ಕಣೋ."

"ಬಿರ್ರನೆ ಓಗಕ್ಕಾ" ಎಂದ ಸುಂದರ್.

ಬಿರ್ರನೆ ಹೋಗಲು ಬಸ್ಸು ಅವಳ ಮಾತು ಕೇಳಬೇಕಲ್ಲ. ತೇನಿಯಲ್ಲಿ ಡ್ರೈವರ್ ಟೀ ಕುಡಿದ. ಪೆರಿಯಕುಳಂನಲ್ಲಿ ಮಾವಿನ ಬುಟ್ಟಿಗಳನ್ನು ಮೇಲೇರಿಸುವ ಬಗ್ಗೆ ಕಂಡಕ್ಟರಿಗೂ ಒಬ್ಬ ಮುದುಕಿಗೂ ಜಗಳ ಹತ್ತಿತು. ಬೇರೆ ದಿನವಾಗಿದ್ದರೆ ಸರಸು ಮುದುಕಿಯ ಪರ ನಿಂತು ನಾಲ್ಕು ಮಾತಾಡುತ್ತಿದ್ದಳು. ಇವತ್ತು ಇಬ್ಬರಿಗೂ ಮನಸ್ಸಿನಲ್ಲೇ ಶಾಪ ಹಾಕುತ್ತ, ಆ ಹುಡುಗನಿಗೆ ಇವತ್ತು ಗಿರಾಕಿಗಳು ಮುಗಿಬಿದ್ದಿರಲಿ, ಅವನ ಕೈ ಬಿಡುವಾಗದಿರಲಿ ಎಂದು ಬೇಡಿಕೊಂಡಳು.

ದಿಂಡಿಗಲ್ ಬಸ್ ನಿಲ್ದಾಣದ ಹತ್ತಿರ, ಬೀಗದ ಅಂಗಡಿಗಳ ಸಾಲಿನಲ್ಲಿ ಆ ಬೋರ್ಡ್ ಸಿಕ್ಕಿತು. ಶಕ್ತಿವೇಲ್ ಒಳ್ಳೆಯವನೇ. ಹಳೆಯ ಗೇಮ್ ನೋಡಲು ಕಂಬಂನಿಂದ ಒಬ್ಬ ಹೆಂಗಸು ಬಂದಿದ್ದಾಳೆ ಎಂದು ತಿಳಿದು ಅವನ ಮುಖ ಅರಳಿತು. ಸ್ಟೂಲ್ ಎಳೆದು ಕೂರಿಸಿದ, ಗಾಜಿನ ಬೀರು ತೆರೆದು ಡಬ್ಬಿಯನ್ನು ಎರಡೂ ಕೈಯಲ್ಲಿ ತಂದ.

"ನೋಡಿ ಅಕ್ಕಾ, ಬೆಳಿಗ್ಗೆ ತಾನೇ ಕ್ಲೀನ್ ಮಾಡಿದೆ" ಎಂದು ತಮಿಳಿನಲ್ಲಿ ಹೇಳಿದ. "ಎಷ್ಟು ಚೆನ್ನಾಗಿ ಬಂತು!"

ನಿಜವಾಗಿ ಚೆನ್ನಾಗಿ ಬಂದಿತ್ತು. ಡಬ್ಬಿಯ ಚಿತ್ರದ ನದಿ ನೀಲಿಯಾಗಿ ಹೊಳೆಯುತ್ತಿತ್ತು. ಮೂಲೆಯಲ್ಲಿ ಒಂದು ಕೊಕ್ಕರೆಯ ಚಿತ್ರ ಇತ್ತೆಂಬುದೇ ಸರಸುವಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವ್ವನ ಬೊಟ್ಟು ಅದನ್ನು ಮುಚ್ಚಿತ್ತು.

ಅವಳು ಕೊಕ್ಕರೆಯನ್ನೇ ನೋಡುತ್ತ ಕೂತದ್ದು ಮೆಚ್ಚುಗೆಗೆ ಎಂದು ತಿಳಿದ ಶಕ್ತಿವೇಲ್ ಹುರುಪಿನಿಂದ ವಿವರಿಸತೊಡಗಿದ. ಎಲ್ಲರೂ ಆಡಿದ ಗೇಮ್‌ಗೆ ಈಗ ಕವಡೆ ಬೆಲೆಯೂ ಇಲ್ಲ, ಅಂಥವು ಲಕ್ಷಗಟ್ಟಲೆ ಇವೆ. ಇದು ಆಗ ಓಡಲಿಲ್ಲ, ಕಂಪನಿಯವರು ಸ್ವಲ್ಪ ಮಾಡಿ ನಿಲ್ಲಿಸಿಬಿಟ್ಟರು. ಕೊಂಡ ಕೆಲವರೂ ಡಬ್ಬಿ ಬಿಸಾಡಿದರು, ಪುಸ್ತಕ ಹರಿದರು. ಡಬ್ಬಿ, ಪುಸ್ತಕ, ಕ್ಯಾಸೆಟ್ ಮೂರೂ ಕೂಡಿ ಉಳಿದದ್ದೇ ಅಪರೂಪ. "ಆವಾಗ ಚಿಕ್ಕವರಾಗಿದ್ದವರ ಕೈಯಲ್ಲಿ ಈಗ ದುಡ್ಡಿದೆ ಅಕ್ಕಾ. ಕಳೆದುಕೊಂಡದ್ದನ್ನು ವಾಪಸ್ ತರಬೇಕು ಅಂತ ಅವರಿಗೆ ಆಸೆ. ಆದರೆ ಸಣ್ಣ ಕಲೆ ಇದ್ದರೂ ಮೂತಿ ತಿರುಗಿಸುತ್ತಾರೆ."

"ಅಯ್ಯೋ, ತೊಡ್ದುಬುಟ್ಟ್ಯಲ್ಲೋ!" ಸರಸುವಿನ ಬಾಯಿಂದ ಮನೆಯ ಕನ್ನಡ ಹಾರಿತು. "ನಮ್ಮವ್ವನ್ನ ತೊಡ್ದುಬುಟ್ಟ್ಯಲ್ಲೋ ಪಾಪೀ!"

ಶಕ್ತಿವೇಲ್ ಬೆಚ್ಚಿಬಿದ್ದ. ಬೈಗುಳಕ್ಕಿಂತ ಭಾಷೆ ಅವನನ್ನು ತಟ್ಟಿತು. ಪೆರಿಯಕುಳಂನಲ್ಲಿದ್ದ ತನ್ನ ಅಜ್ಜಿ ಸತ್ತ ಮೇಲೆ ಅವನೊಂದಿಗೆ ಯಾರೂ ಹಾಗೆ ಮಾತಾಡಿರಲಿಲ್ಲ.

"ನೀವ್... ನಮ್ ಜನವಾ ಅಕ್ಕಾ?" ಎಂದು ತಡವರಿಸಿದ. "ಏನ್ ಆಯ್ತು? ನಾನ್ ಏನ್ ತಪ್ಪು ಮಾಡ್ದಿ?"

ಸರಸು ಎಲ್ಲವನ್ನೂ ಹೇಳಿದಳು. ಹೇಳುವಾಗ ಅಳು ತಡೆಯಲಿಲ್ಲ, ತಡೆಯುವ ಗೋಜಿಗೂ ಹೋಗಲಿಲ್ಲ. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದನ್ನು ಮುಟ್ಟಲೂ ಹಿಂಜರಿಯುವವನಂತೆ ಕೈ ಹಿಂದಕ್ಕೆಳೆದುಕೊಂಡ.

"ತೆಗಿಯಾಗ ಪದರ ಪದರ ಬಂತು ಅಕ್ಕಾ" ಎಂದ ತಲೆ ತಗ್ಗಿಸಿ. "ಕೆಂಪು, ಕೆಳಗೆ ಹಳದಿ, ತಿರುಗಿ ಕೆಂಪು. ಯಾರೋ ಬಣ್ಣ ಹೊಡೆದಿದಾರೆ ಅಂದ್ಕೊಂಡಿ. ನಂಗ್ ತಿಳೀಲಿಲ್ಲ." ಆಮೇಲೆ ಡಬ್ಬಿಯನ್ನು ಅವಳ ಕಡೆ ಸರಿಸಿದ. "ನೀವ್ ಎತ್ಕೊಂಡು ಓಗಿ. ದುಡ್ಡು ಬೇಡ."

ಸರಸು ಡಬ್ಬಿಯತ್ತ ನೋಡಲಿಲ್ಲ.

"ಯಾವುದ್ರಾಗ ತೊಡ್ದೆ?"

"ಹತ್ತಿ. ಸ್ಪಿರಿಟ್ ಅದ್ದಿ."

"ಆ ಹತ್ತಿ ಎಲ್ಲಿ?"

ಅಂಗಡಿಯ ಹಿಂದೆ, ಮೆಟ್ಟಿಲ ಕೆಳಗೆ ಕಸದ ಬಕೆಟ್ ಇತ್ತು. ಶಕ್ತಿವೇಲ್ ಅದನ್ನು ಹಳೆಯ ಪೇಪರಿನ ಮೇಲೆ ಸುರಿದ. ಟೀ ಕಪ್ಪುಗಳು, ಒಡೆದ ಸ್ಕ್ರೀನುಗಳು, ವೈರಿನ ತುಂಡುಗಳ ನಡುವೆ ಇಬ್ಬರೂ ಮಂಡಿಯೂರಿ ಕೂತು ಹುಡುಕಿದರು. ಸಿಕ್ಕ ಒಂದೊಂದು ಹತ್ತಿಯ ಉಂಡೆಯನ್ನೂ ಅವನು ತನ್ನ ಅಂಗಿಗೆ ಒರೆಸಿಕೊಂಡ ಅಂಗೈಯಲ್ಲಿಟ್ಟು ಕೊಟ್ಟ. ಕೆಲವು ಕೆಂಪು, ಕೆಲವು ಹಳದಿ, ಒಂದೆರಡು ಬರೀ ಮಸಿ. ಮಸಿಯವನ್ನೂ ಸರಸು ಬಿಡಲಿಲ್ಲ. ಎಲ್ಲವನ್ನೂ ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದಳು.

"ಡಬ್ಬಿ ಅಕ್ಕಾ?" ಎಂದ ಅವನು, ಬಾಗಿಲವರೆಗೂ ಬಂದು.

"ಅದ್ ಕಟ್ಕೊಂಡ್ ನಾನೇನ್ ಮಾಡ್ಲಿ ತಮ್ಮಾ? ಅದ್ ಬೇಕಂತ ಅಳೋರು ಯಾರಾದ್ರೂ ಬತ್ತಾರೆ, ಅವ್ರಿಗ್ ಕೊಡು."

ವಾಪಸ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ವತ್ತಲಗುಂಡು ಕಳೆದ ಮೇಲೆ ಸರಸು ಗಂಟನ್ನು ಮೂಗಿನ ಹತ್ತಿರ ತಂದಳು. ಗಂಧದ ವಾಸನೆ ಇರಲಿಲ್ಲ, ಸ್ಪಿರಿಟ್ಟಿನ ಘಾಟು ಮಾತ್ರ. ಬಿಚ್ಚಿ ನೋಡಿದರೆ ಬೊಟ್ಟೂ ಇರುವುದಿಲ್ಲ, ಬೆರಳಿನ ಓರೆಯೂ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ಸುಂದರ್ "ಸಿಕ್ತಾ ಅಕ್ಕಾ?" ಎಂದು ಕೇಳಿದ. ಅವಳು ಗಂಟನ್ನು ಬಲಗೈಯಲ್ಲಿ ಹಿಡಿದು, ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತಳು.