ಆ ಒಂದು ಪ್ರಶ್ನೆಗೆ ತೆಲುಗು

ರೈಲಿನ ಎದುರು ಸೀಟಿನ ಹೆಂಗಸು ಬೈಯುವುದು ಕನ್ನಡದಲ್ಲಿ, ನಗುವುದು ತೆಲುಗಿನಲ್ಲಿ, ಫೋನಿನ ಆ ತುದಿಗೆ ಇರುವವನು ಮಾತ್ರ ಒಬ್ಬನೇ, ಅಂಬರಾಯ ಅಂಬರಾಯ ಅನ್ನುತ್ತಲೇ ಇದ್ದಾಳೆ — ಬೀಜದ ಚೀಲ ಎಲ್ಲಿ ಒಗದೀಯೋ ಅಂತ ಗದರಿದವಳು ತಟ್ಟನೆ ದನಿ ಇಳಿಸಿ, ತೆಲುಗಿಗೆ ಹೊರಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾಳೆ, ಯಾವ ಮಾತಿಗೆ ಹೊರಳಿದಳು, ಯಾಕೆ ಅಲ್ಲೇ ಹೊರಳಿದಳು, ನನಗೆ ಗೊತ್ತಾಗಬೇಕು, ಗೊತ್ತಾಗದೆ ನನಗೆ ಉಂಡ ಅನ್ನ ಅರಗುವುದಿಲ್ಲ, ಲುಂಬಿನಿ ನಿನ್ನ ಮೂಗು ಊರ ತುಂಬ ಅದ ನೋಡು ಅಂತ ಅವ್ವ ಅನ್ನುತ್ತಿದ್ದದ್ದು ಸುಳ್ಳಲ್ಲ, ಈಗ ಆ ಮೂಗಿಗೇ ಸಂಬಳ ಕೊಡುತ್ತಾರೆ ಅನ್ನುವುದೊಂದು ಬೇರೆ ಮಾತು. ಸೇಡಂ ಹಿಂದಾಯಿತು, ತೊಗರಿ ಹೊಲ, ಫ್ಯಾಕ್ಟರಿಯ ಚಿಮಣಿ, ಮತ್ತೆ ತೊಗರಿ ಹೊಲ, ವಾಡಿಯಲ್ಲಿ ಇಳಿದು ಶಹಾಬಾದ್ ಸೇರುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ಅಪ್ಪ ಬಾಗಿಲಲ್ಲಿ ಕೂತಿರುತ್ತಾನೆ — ಅಪ್ಪನೂ ಹೀಗೇ, ಹಾಜಿಸಾಬರ ಅಂಗಡಿಯಲ್ಲಿ ಚೌಕಾಸಿ ಉರ್ದುವಿನಲ್ಲಿ, ನನ್ನ ಮೇಲೆ ಸಿಟ್ಟು ಕನ್ನಡದಲ್ಲಿ, ಬೆಳಿಗ್ಗೆ ಬುದ್ಧವಂದನೆ ಪಾಳಿಯಲ್ಲಿ. ಜಗದೇವಪ್ಪ ನಿಮ್ಮ ಇಷ್ಟದ ಭಾಷೆ ಯಾವುದು ಅಂತ ಯಾರಾದರೂ ಕೇಳಿದರೆ ಅಪ್ಪ ಏನು ಹೇಳಿಯಾನು, ಯಾವ ಕೆಲಸಕ್ಕೆ ಅಂತ ತಿರುಗಿ ಕೇಳುತ್ತಾನೆ.

ಆದರೆ ನಮ್ಮ ಸಮೀಕ್ಷೆಯ ಪರದೆಯ ಮೇಲೆ ಭಾಷೆ ಆರಿಸಲು ಎರಡೇ ಗೋಲಿ, ಕನ್ನಡ, ತೆಲುಗು, ಒಂದನ್ನು ಒತ್ತಲೇಬೇಕು. ಬಾಣಂತಿಯರ ಮನಸ್ಸು ಹೇಗಿರುತ್ತದೆ ಎಂದು ತಿಳಿಯುವ ಸಮೀಕ್ಷೆ, ತಿಂಗಳಿಗೊಮ್ಮೆ ಫೋನಿಗೆ ಲಿಂಕು ಹೋಗುತ್ತದೆ, ಯಾರಿಗೆ ಯಾವ ಭಾಷೆಯದು ಹೋಗಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ, ಇದೇನು ದೊಡ್ಡ ಕೆಲಸ ಅಂದುಕೊಂಡಿದ್ದೆ, ಕೇಳುವುದು, ಬರೆದುಕೊಳ್ಳುವುದು. ಚಿಂಚೋಳಿಯ ಹತ್ತಿರ ಚಂದಾಪುರದ ಅಂಬಿಕಾ ತೆಲುಗು ಹಾಕ್ರಿ ಅಂದಳು, ಹಾಕಿದೆ, ಮರುದಿನವೇ ಫೋನು — ಓದಾಕ ಬರವಲ್ದರಿ, ಅಕ್ಷರ ದುಂಡಗ ಛಂದ ಕಾಣ್ತಾವಂತ ಕೇಳಿದ್ದೆ. ಶಹಾಬಾದಿನ ಹಮೀದಾಬೇಗಂ ಮಗಳ ಪರವಾಗಿ ತಾನೇ ಹೇಳಿದಳು, ನಿನಗ ಯಾವುದು ಹಗುರ ಆಗ್ತದ ಅದೇ ಹಾಕವ್ವ, ಬಿಸಲಾಗ ಬಂದೀದಿ, ಪೈಲೆ ನೀರು ಕುಡಿ. ಆಮೇಲೆ ಹೊಳೆಯಿತು ನನಗೆ, ಈ ಕಡೆ ಭಾಷೆ ಯಾವುದು ಬೇಕು ಎಂದರೆ ಯಾರೂ ತಮ್ಮದನ್ನು ಹೇಳುವುದಿಲ್ಲ, ಬಂದವರದನ್ನು ಹೇಳುತ್ತಾರೆ, ಬಂದವರ ಮಾತಿನಲ್ಲಿ ಮಾತಾಡುವುದು ಮರ್ಯಾದೆ, ಮಣೆ ಹಾಕಿ ಕೂರಿಸಿದ ಹಾಗೆ, ನನ್ನ ಮುಖ ನೋಡಿ ಕನ್ನಡ ಅನ್ನುತ್ತಾರೆ, ನಾನು ಅದನ್ನು ಅವರ ಇಷ್ಟ ಎಂದು ತುಂಬಿಕೊಂಡು ಬರುತ್ತೇನೆ, ಮೇಲಿನವರು ಅದರಿಂದ ಶೇಕಡಾ ತೆಗೆಯುತ್ತಾರೆ, ನಗಬೇಕೋ ಅಳಬೇಕೋ. ಅದಕ್ಕೇ ಹಟ ಮಾಡಿ ಪರದೆಯ ಮೇಲಿನ ಮೂಲೆಯಲ್ಲಿ ಭಾಷೆ ಬದಲಿಸುವ ಗುಂಡಿ ಹಾಕಿಸಿದ್ದು, ಯಾವಾಗ ಬೇಕಾದರೂ ಒತ್ತಿ ಹೊರಳಬಹುದು, ನಾನೇ ಹಾಕಿಸಿದ್ದು.

ಸೇಡಂ ಹತ್ತಿರದ ಮುಧೋಳದ ಚಂದ್ರಕಲಾ ಆ ಗುಂಡಿ ಒತ್ತಿದ್ದು ಒಂದೇ ಜಾಗದಲ್ಲಿ. ತವರು ಗಡಿಯಾಚೆ, ಓದಿದ್ದು ತೆಲುಗಿನಲ್ಲಿ, ಗಂಡ ಭೀಮು ಮುಧೋಳದವನು, ಚೊಚ್ಚಲ ಕೂಸು — ನಮ್ಮಲ್ಲಿ ಅವರು ಒತ್ತಿದ್ದು ಒತ್ತಿದ ಹಾಗೇ ನನ್ನ ಫೋನಿಗೆ ಬಂದು ಬೀಳುತ್ತದೆ, ಭಾಷೆಯ ಸಮೇತ, ನನಗಂತೂ ಅದನ್ನು ನೋಡುತ್ತ ಕೂರುವ ಚಟ — ನಿದ್ದೆ, ಊಟ, ಹಾಲು, ಎಲ್ಲದಕ್ಕೂ ಕನ್ನಡದಲ್ಲಿ ಸಲೀಸು ಉತ್ತರ, ಮಗುವನ್ನು ನೋಡಿದಾಗ ಏನೂ ಅನ್ನಿಸದೆ ಹೋದದ್ದುಂಟೇ ಎಂಬಲ್ಲಿಯೂ ಕನ್ನಡದಲ್ಲೇ, ಒಮ್ಮೆಯೂ ಇಲ್ಲ. ಕೊನೆಯ ತನಕ ಹೋಗಿ ಮತ್ತೆ ಅಲ್ಲಿಗೇ ಹಿಂತಿರುಗುತ್ತಾಳೆ, ಭಾಷೆ ತೆಲುಗಿಗೆ ಹೊರಳುತ್ತದೆ, ಒಮ್ಮೆಯೂ ಇಲ್ಲ ಎಂಬುದು ಅಳಿಸಿಹೋಗುತ್ತದೆ, ಬಹಳ ಸಲ ಎಂದು ಬೀಳುತ್ತದೆ, ಮತ್ತೆ ಕನ್ನಡ, ಮುಗಿಯಿತು. ಹೋದ ತಿಂಗಳೂ ಹಾಗೇ, ಅದರ ಹಿಂದಿನ ತಿಂಗಳೂ ಹಾಗೇ. ಸತತ ಮೂರನೆಯ ಸಲ, ಈ ತಿಂಗಳೂ ಅದೇ ಉತ್ತರ ಬಂದರೆ ನಮ್ಮ ನರ್ಸಮ್ಮ ಲಸಿಕೆಯ ನೆಪದಲ್ಲಿ ಮನೆಗೇ ಹೋಗುತ್ತಾಳೆ, ಪಕ್ಕದಲ್ಲಿ ಕೂರುತ್ತಾಳೆ, ಮಾತಾಡಿಸುತ್ತಾಳೆ, ಬಾರದಿದ್ದರೆ ಇಲ್ಲ, ನಾನು ಕಂಡದ್ದನ್ನು ನಾನು ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ, ಅವಳೇ ಒತ್ತಬೇಕು, ಹಾಗೆಂದು ಮಾತು ಕೊಟ್ಟೇ ಅವಳನ್ನು ಸೇರಿಸಿಕೊಂಡಿರುವುದು. ಕೂಸನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ ಎಂಬುದನ್ನು ತೆಲುಗಿನಲ್ಲಿ ಮಾತ್ರ ಹೇಳುವುದು ಯಾಕೆ, ಆ ಮಾತು ಕನ್ನಡದಲ್ಲಿ ಹೆಚ್ಚು ನೋಯುತ್ತದೆಯೇ, ಇಲ್ಲ ತೆಲುಗು ತವರಿನ ಭಾಷೆಯಾದ್ದರಿಂದಲೇ, ತಿಂಗಳೆಲ್ಲ ಇದೇ ಯೋಚನೆ, ಕೊನೆಗೆ ಇವತ್ತು ಎದ್ದು ಹೋಗಿಯೇಬಿಟ್ಟೆ.

ಬರ್ರಿ ಬರ್ರಿ, ಕುಂದ್ರಿ, ಇಂಥಾ ಬಿಸಲಾಗ ಹ್ಯಾಂಗ ಬಂದ್ರಿ ಅಂತ ಅತ್ತೆ ಯಂಕಮ್ಮ ಚಾಪೆ ಹಾಸಿದಳು, ನಾನೋ ಅತ್ತೆ ಎಂದರೆ ಹೀಗಿರುತ್ತಾಳೆ ಎಂದು ಬಸ್ಸಿನಲ್ಲೇ ಒಂದು ಚಿತ್ರ ಬರೆದುಕೊಂಡು ಹೋಗಿದ್ದೆ, ಆ ಚಿತ್ರ ಹೊಸ್ತಿಲಲ್ಲೇ ಹರಿಯಿತು, ಸೊಸೆಯ ತಲೆಗೆ ಎಣ್ಣೆ ಇಟ್ಟು ಕೈ ಒರೆಸಿಕೊಳ್ಳುತ್ತಿದ್ದಳು ಯಂಕಮ್ಮ. ಜೋಳಿಗೆಯಲ್ಲಿ ಕೂಸು, ಹಗ್ಗ ಚಂದ್ರಕಲಾಳ ಕಾಲ್ಬೆರಳಿಗೆ, ಕಾಲು ತೂಗುತ್ತಿದೆ, ಕಣ್ಣು ಬಾಗಿಲಾಚೆ ಇದೆ. ನಿಮ್ಮ ಪ್ರಶ್ನಿ ಭಾಳ ಛಂದ ಇರ್ತಾವರಿ, ಸೀರಿಯಲ್ ನೋಡಾಕ ಕುಂತಂಗ ಎಲ್ಲಾರೂ ಕುಂದರ್ತೀವಿ, ಭೀಮು ಓದ್ತಾನ, ಆಕಿ ಹೇಳ್ತಾಳ, ಜರಾ ತಪ್ಪಿದ್ರ ನಾ ಹೇಳ್ತೀನಿ ಅಂದಳು ಯಂಕಮ್ಮ — ಅಯ್ಯೋ ದೇವರೇ, ಒಬ್ಬಳೇ ಕೂತು ಉತ್ತರಿಸಬೇಕು ಎಂದು ನಾವು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದದ್ದನ್ನೂ ಭೀಮು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿರಬೇಕು. ಒಂದ ಪ್ರಶ್ನಿ ಅಷ್ಟ ಹುಚ್ಚರದು ಅದರಿ, ಕೂಸಿನ ನೋಡಿ ಏನೂ ಅನಸಂಗಿಲ್ಲಂತ ಯಾ ತಾಯಿ ಅಂದಾಳು ಹೇಳ್ರಿ, ಎಂದು ಯಂಕಮ್ಮ ನಕ್ಕಳು, ಚಂದ್ರಕಲಾಳೂ ನಕ್ಕಳು, ನಾನೂ ನಕ್ಕೆ, ನಗದೆ ಏನು ಮಾಡಲಿ. ಬೈಯುವವರಿಲ್ಲ, ಹೊಡೆಯುವವರಿಲ್ಲ, ಎಲ್ಲರೂ ಒಳ್ಳೆಯವರು, ಅಷ್ಟು ಒಳ್ಳೆಯವರ ನಡುವೆ ಆ ಮಾತನ್ನು ಯಾರ ಮುಂದೆ ಆಡುವುದು. ಚಹಾ ಸೋಸಲು ಯಂಕಮ್ಮ ಒಳಗೆ ಹೋದದ್ದೇ ತಡ, ಚಂದ್ರಕಲಾ ಹತ್ತಿರ ಸರಿದು ಕೇಳಿದ್ದು ಇಷ್ಟೇ — ಮೇಡಂ, ಆ ಭಾಷಾ ಬದಲಿ ಮಾಡಾದು, ಮ್ಯಾಲಿನ ಮೂಲ್ಯಾಗಿಂದು, ಅದು ಇರ್ತದಲ್ರಿ. ಇರ್ತದ ಅಂದೆ. ತಗಿಯಂಗಿಲ್ಲಲ್ರಿ. ಇಲ್ಲ ಅಂದೆ. ತೆಲುಗಾ ಈ ಮನ್ಯಾಗ ಎಲ್ಲಾರಿಗೂ ಮಾತಾಡಾಕ ಬರ್ತದರಿ, ಓದಾಕ ನನಗೊಬ್ಬಾಕಿಗೇ. ಅಷ್ಟು ಹೇಳಿ ಮತ್ತೆ ಹಗ್ಗ ತೂಗತೊಡಗಿದಳು, ನನ್ನ ಒಗಟು ಬಿಡಿಸಿಕೊಂಡಿತು ಎಂದು ನಾನು ಚಹಾ ಕುಡಿದೆ.

ಎಲ್ಲಿ ಬಿಡಿಸಿಕೊಂಡಿತು. ಬಸ್ಸಿನ ತನಕ ಬಿಟ್ಟು ಬರ್ತೀನಿ ಎಂದು ಭೀಮು ಜೊತೆಗೆ ಬಂದ, ಮಾತು ಕಡಿಮೆಯ ಮನುಷ್ಯ, ಒಂದು ಬಸ್ಸು ಬಂತು, ನಾನು ಕೈ ಎತ್ತಿದೆ, ಇದು ತಾಂಡೂರಿಗಿ ಹೋಗ್ತದರಿ, ನಿಮ್ದಲ್ಲ ಅಂದ. ಬೋರ್ಡು ನೋಡಿದೆ, ಪೂರಾ ತೆಲುಗು, ಬೇರೆ ಒಂದಕ್ಷರವಿಲ್ಲ. ನಿಮಗ ತೆಲುಗಾ ಓದಾಕ ಬರ್ತದೇನ್ರಿ ಅಂದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಾಯಾಗ ಮಾತು ಅದ, ಅಕ್ಷರ ನಮ್ಮ ಕನ್ನಡದಂಗೇ ಇರ್ತಾವ, ಕೂಡಿಸಿ ಕೂಡಿಸಿ ಓದಿದ್ರ ಬರ್ತದರಿ, ಈ ಕಡಿ ಯಾರಿಗಿ ಬರಂಗಿಲ್ಲ ಹೇಳ್ರಿ — ಆಕಿಗಿ ಹೇಳಬ್ಯಾಡ್ರಿ. ನನ್ನ ಮೂಗು ತಡೆಯಬೇಕಲ್ಲ, ಆಕಿ ಉತ್ತರ ಓದೀರೇನ್ರಿ ಅಂದುಬಿಟ್ಟೆ. ಒಂದ ಸಲ ಓದೀನ್ರಿ, ಮತ್ತ ಓದಿಲ್ಲ, ಅವ್ವ ಒಳಗ ಹೋದ ಮ್ಯಾಲ ಆಕಿ ಬೆರಳು ಆ ಮೂಲಿಗಿ ಹೋಗ್ತದ, ಅಕ್ಷರ ಬದಲಾದ ಕೂಡಲೆ ನಾ ಎದ್ದು ಹೊರಗ ಬರ್ತೀನಿ, ಎಮ್ಮಿಗಿ ನೀರು ಕುಡಸಾಕ ಅಂತ ಹೇಳಿ, ಬಕೆಟ್ ತುಂಬಿ ಮುಂದ ಇಡ್ತೀನಿ, ಅದು ಮುಖ ತಿರುವಿಕೊಂಡು ನಿಲ್ತದರಿ, ಅದಾಗಲೇ ಕುಡದಿರ್ತದ. ಸೇಡಂ ಬಸ್ಸು ಬಂತು, ನಾನು ಹತ್ತಿದೆ, ಕಿಟಕಿಯಿಂದ ನೋಡಿದೆ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದ.

ಆಗಿನಿಂದ ಆ ಎಮ್ಮೆ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ, ಮುಂದೆ ತುಳುಕುವ ಬಕೆಟ್ಟು, ಆ ಕಡೆ ತಿರುಗಿದ ಮೂತಿ, ಪಕ್ಕದಲ್ಲಿ ಕೆಲಸವಿಲ್ಲದೆ ನಿಂತ ಗಂಡಸು, ಒಳಗೆ ಒಬ್ಬಳೇ ಕೂತ ಹೆಂಗಸು, ಅವಳಿಗೆ ಅವನದು ಗೊತ್ತಿಲ್ಲ, ಅಥವಾ ಗೊತ್ತಿದೆಯೇ, ನೀರು ಕುಡಿದ ಎಮ್ಮೆಗೆ ಮತ್ತೆ ನೀರು ಇಟ್ಟರೆ ಮನೆ ಹೆಂಗಸಿಗೆ ತಿಳಿಯದೇ ಇರುತ್ತದೆಯೇ. ಇದನ್ನೇ ಚಪ್ಪರಿಸುತ್ತ ಸೇಡಂ ಸ್ಟೇಷನ್ನಿನಲ್ಲಿ ಕೂತಿದ್ದಾಗ ನಮ್ಮ ಮೇಲಿನವರು ದೇವಾನಂದ ಸರ್ ಫೋನು ಮಾಡಿದ್ದು — ಲುಂಬಿನಿ, ನಡುವ ಭಾಷಾ ಬದಲಿ ಮಾಡಿದೋರ ಡೇಟಾ ಎಲ್ಲಾ ಕಲಸಿ ಹೋಗ್ಯಾದ, ಯಾವ ಉತ್ತರ ಖರೇ ಅಂತ ತಿಳಿಯವಲ್ದು, ಇವತ್ತ ಲಾಕ್ ಹಾಕಸೀನಿ, ಗುಂಡಿ ತಗದ್ವಿ, ಶುರು ಮಾಡಿದ ಭಾಷಾದಾಗೇ ಮುಗಸಬೇಕು, ಮುಧೋಳದಾಕಿಗಿ ಕನ್ನಡ ಇಟ್ಟೀನಿ, ತೆಲುಗು ಬೇಕಂದ್ರ ಹೇಳು. ಕೆಟ್ಟವರಲ್ಲ ಸರ್, ಲೆಕ್ಕಕ್ಕೆ ಅವರ ಮಾತು ಸರಿಯೇ, ಆದರೆ ಕನ್ನಡ ಇಟ್ಟರೆ ಒಮ್ಮೆಯೂ ಇಲ್ಲ ಎಂಬುದೇ ಉಳಿಯುತ್ತದೆ, ನರ್ಸಮ್ಮ ಬರುವುದಿಲ್ಲ, ತೆಲುಗು ಇಟ್ಟರೆ ನಮಗೂ ಓದಿ ಹೇಳವ್ವ ಎಂದು ಯಂಕಮ್ಮ ಪಕ್ಕದಲ್ಲೇ ಕೂರುತ್ತಾಳೆ, ಕಿವಿಗೆ ಎಲ್ಲರಿಗೂ ತೆಲುಗು ಬರುತ್ತದೆ, ಭೀಮುವಾದರೂ ಮೊದಲ ಪ್ರಶ್ನೆಯಿಂದ ಕೊನೆಯ ತನಕ ಎಮ್ಮೆಗೆ ಎಷ್ಟು ನೀರು ಕುಡಿಸಿಯಾನು. ಎರಡೂ ಇರಲಿ ಸರ್ ಅಂದೆ. ಯಾಕ ಅಂದರು. ಏನು ಹೇಳಲಿ, ಅವಳದು ಹೇಳಿದರೆ ಅವಳ ಗುಟ್ಟು, ಅವನದು ಹೇಳಿದರೆ ಅವನ ಗುಟ್ಟು, ಆಕಿಗಿ ಇರ್ತದಂತ ಮಾತು ಕೊಟ್ಟೀನಿ ಸರ್, ಅಷ್ಟೇ ಬಂತು ಬಾಯಿಂದ. ಮಾತು ಕೊಡಾಕ ನಿನಗ ಯಾರು ಹೇಳಿದ್ರವ್ವ, ಇರಲಿ, ಸೋಮವಾರ ನೋಡೂನು. ಸೋಮವಾರ, ಲಿಂಕು ಇವತ್ತೇ ಹೋಗಿದೆ, ಆ ಮನೆಯ ಚಹಾದ ರುಚಿ ನಾಲಿಗೆಯ ಮೇಲಿದ್ದಾಗಲೇ ನನ್ನ ಮಾತು ಸುಳ್ಳಾಯಿತು, ನಾಚಿಕೆಯಾಗುತ್ತದೆ.

ಚಿತ್ತಾಪುರ ಬಂತು, ಎದುರಿನ ಹೆಂಗಸು ಇಳಿದು ಹೋದಳು, ಅಂಬರಾಯ ಯಾರೆಂದು ತಿಳಿಯಲೇ ಇಲ್ಲ, ಹೋಗಲಿ, ನನ್ನ ಕಣ್ಣು ಫೋನಿನ ಮೇಲೇ ಇದೆ, ಇವತ್ತು ತೆರೆಯದಿರಲಿ, ನಾಳೆಯೂ ತೆರೆಯದಿರಲಿ, ಅವರ ಫೋನಿನ ಬ್ಯಾಟರಿ ಸತ್ತುಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ — ತೆರೆದರು. ಭಾಷೆ ಕನ್ನಡ, ಪಕ್ಕದಲ್ಲಿ ಸಣ್ಣ ಬೀಗದ ಗುರುತು. ನಿದ್ದೆ, ಊಟ, ಹಾಲು, ಒಂದೊಂದಾಗಿ ಬೀಳುತ್ತಿವೆ, ಭೀಮು ಓದುತ್ತಿದ್ದಾನೆ, ಯಂಕಮ್ಮ ತಿದ್ದುತ್ತಿದ್ದಾಳೆ, ಅದೋ ಆ ಪ್ರಶ್ನೆ, ಯಂಕಮ್ಮ ನಕ್ಕಿರುತ್ತಾಳೆ, ಒಮ್ಮೆಯೂ ಇಲ್ಲ. ಕೊನೆಯ ತನಕ ಹೋಯಿತು, ಕಳುಹಿಸಿ ಎಂಬುದನ್ನು ಒತ್ತಲಿಲ್ಲ, ಯಂಕಮ್ಮ ಈಗ ಎದ್ದು ಒಳಗೆ ಹೋಗಿರಬೇಕು, ಮತ್ತೆ ಆ ಪ್ರಶ್ನೆಗೇ ಹಿಂತಿರುಗಿದಳು, ನಿಂತಳು. ಬೆರಳು ಮೂಲೆಗೆ ಹೋಗಿದೆ, ಅಲ್ಲಿ ಏನೂ ಇಲ್ಲ, ಒತ್ತುತ್ತಿದ್ದಾಳೆ, ಇರ್ತದ ಅಂದಿದ್ದಳಲ್ಲ ಆ ಮೇಡಂ ಎಂದುಕೊಳ್ಳುತ್ತಿದ್ದಾಳೆ, ಭೀಮು ಕಾಯುತ್ತಿದ್ದಾನೆ, ಅಕ್ಷರ ಬದಲಾಗದೆ ಏಳುವುದು ಹೇಗೆ ಅವನು. ರೈಲೂ ನಿಂತಿದೆ, ವಾಡಿಯ ಹೊರಗೆ ಯಾವಾಗಲೂ ನಿಲ್ಲಿಸುತ್ತಾರೆ, ಯಾರೋ ಕಡಲೆ ಸಿಪ್ಪೆ ಒಡೆಯುತ್ತಿದ್ದಾರೆ, ಒಮ್ಮೆಯೂ ಇಲ್ಲ ಎಂಬುದು ಅಳಿಯಿತು. ಖಾಲಿ. ಭಾಷೆ ಕನ್ನಡವೇ, ಬೀಗ ಇದ್ದಲ್ಲೇ ಇದೆ, ಖಾಲಿ, ಖಾಲಿ — ಬಹಳ ಸಲ. ಕಳುಹಿಸಲಾಗಿದೆ. ಯಾರು ಒತ್ತಿದರು, ಅವಳೇ, ಅವನ ಕಣ್ಣೆದುರಿಗೇ, ಅವನು ಓದಬಲ್ಲ ಅಕ್ಷರದಲ್ಲಿ, ಅಥವಾ ಒತ್ತು ಅಂತ ಅವನೇ ಅಂದನೇ, ಇಲ್ಲ ಎಂದಿನಂತೆ ತಾನಾಗಿಯೇ ಎದ್ದು ಹೋದನೇ, ಕೊಟ್ಟಿಗೆಯಲ್ಲಿ ಅವನನ್ನು ನಿಲ್ಲಿಸಲು ನೋಡುತ್ತೇನೆ, ಕೈಗೆ ಬಕೆಟ್ಟು ಕೊಡಲು ನೋಡುತ್ತೇನೆ, ಬರುವುದಿಲ್ಲ ಅವನು, ಎಮ್ಮೆ ಒಂದೇ ನಿಂತಿದೆ, ಮುಂದೆ ಬಕೆಟ್ಟಿಲ್ಲ, ಎಮ್ಮೆ ಮನೆಯ ಬಾಗಿಲ ಕಡೆ ನೋಡುತ್ತಿದೆ, ಮುಂದೆ ಬಕೆಟ್ಟಿಲ್ಲ.